ಹದಿನೈದು ದಿನದ ಅಂತರ

ಖಾಸಬಾಗ, ಬೆಳಗಾವಿ
೧೦ ಆಗಸ್ಟ್ ೧೯೮೨

ತೀರ್ಥರೂಪ ಅಪ್ಪನವರಿಗೆ ಮಗಳು ಕಾಡವ್ವನ ಶಿರಸಾಷ್ಟಾಂಗ ನಮಸ್ಕಾರಗಳು.

ಇಂದು ಆಗಸ್ಟ್ ಹತ್ತು. ಬರುವ ಸೋಮವಾರ ಖಾನಾಪುರಕ್ಕೆ ಬಂದು, ಹಟ್ಟಿಯ ಹಿರಿಯರ ಮುಂದೆ ನಾನು ತಪ್ಪೊಪ್ಪಿಕೊಳ್ಳಬೇಕೆಂದು ನೀವು ಬರೆದ ಪತ್ರಕ್ಕೆ ಉತ್ತರ ಕೊಡುವುದಷ್ಟೇ ಇದರ ಉದ್ದೇಶ. ತಡವಾದುದಕ್ಕೆ ಮನ್ನಿಸಿ, ಎರಡು ಸಲ ಬರೆದು ಹರಿದೆ.

ನಾನು ಕ್ಷೇಮ. ಇಲ್ಲಿಯ ಟಾಂಗಾದವರು ದನಗಳ ದವಾಖಾನೆಯ ಬಾಗಿಲಲ್ಲೇ ‘ಡಾಕ್ಟರಬಾಯಾರು ಬಂದಾರೇನ್ರಿ?’ ಎಂದು ನನ್ನನ್ನೇ ಕೇಳಿಕೊಂಡು ಬರುತ್ತಾರೆ. ಇದು ನಮ್ಮ ಹಟ್ಟಿಗೆ ತಿಳಿದಿರಲಿ.

ಬಾಳಪ್ಪ ಕಾಕಾನ ಮರಿಯ ವಿಷಯ. ಐದು ತಿಂಗಳ ಆ ಕುದುರೆಮರಿಯ ಲದ್ದಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವಳು ನಾನೇ; ಜಂತುಹುಳುವಿನ ತತ್ತಿಗಳು ಎಣಿಸಲಾಗದಷ್ಟಿದ್ದವು. ಅಂಥ ಮರಿಗೆ ಪೂರ್ತಿ ಔಷಧವನ್ನು ಒಮ್ಮೆಲೇ ಕುಡಿಸಿದರೆ ಸತ್ತ ಹುಳುಗಳೇ ಕರುಳನ್ನು ಕಟ್ಟಿಬಿಡುತ್ತವೆ. ಅದಕ್ಕಾಗಿಯೇ ಎರಡು ಪೊಟ್ಟಣ ಮಾಡಿ, ನಡುವೆ ಹದಿನೈದು ದಿನ ಬಿಡಬೇಕೆಂದು ಮೂರು ಸಲ ಹೇಳಿ, ರಜೆ ಮುಗಿದದ್ದರಿಂದ ನಮ್ಮ ಮನೆಯಲ್ಲಿಟ್ಟು ಬಂದೆ. ಮರಿ ಸತ್ತ ಸುದ್ದಿ ತಿಳಿದು ಓಡಿಬಂದು ಹೊಟ್ಟೆ ಸೀಳಿದಾಗ ಕರುಳೊಳಗೆ ಬಿಳಿಯ ಹುಳುಗಳು ಹಗ್ಗ ಹೊಸೆದಂತೆ ತುಂಬಿದ್ದವು. ಎರಡೂ ಪೊಟ್ಟಣ ಒಂದೇ ದಿನ ಹೋಗಿವೆಯೆಂದು ಅಲ್ಲೇ ಹೇಳಿದೆ.

‘ಔಷಧ ನಿಂದು, ಶ್ಯಾಣ್ಯಾತನ ನಿಂದು, ತಪ್ಪಷ್ಟ ನಮ್ದೇನವಾ?’ ಎಂದರು ಬಾಳಪ್ಪ ಕಾಕಾ. ‘ನೋಡ್ರಪಾ, ಲದ್ದಿ ನೋಡೂದ್ರಾಗ ಇಡೀ ಕಾಲೇಜಿಗೆ ಪಹಿಲಾ ನಂಬರ ಬಂದಾಕಿ!’

ಹಟ್ಟಿಯೇ ನಕ್ಕಿತು. ನಾನು ನಿಮ್ಮ ಕಡೆ ನೋಡಿದೆ.

‘ಒಂದ ಮಾತು ತಪ್ಪಾತಂದ್ರ ನಿನ್ನ ಗಂಟೇನ ಹೋಗತೈತಿ?’ ಎಂದು ಬರೆದಿದ್ದೀರಿ. ನಾನು ಒಪ್ಪಿಕೊಂಡರೆ ನಾಳೆಯಿಂದ ಹಟ್ಟಿಯ ಒಂದು ಕುದುರೆಯೂ ನನ್ನ ಕೈಗೆ ಬರುವುದಿಲ್ಲ. ನೀವೇ ಕುರಿ ಮಾರಿ ಕಲಿಸಿದ ವಿದ್ಯೆ ನಿಮ್ಮೂರಿಗೇ ವಿಷವಾಗುತ್ತದೆ.

ಉಳಿದ ಎರಡು ಮರಿಗಳಿಗೆ ಔಷಧ ಕಳಿಸಿದ್ದೇನೆ, ಮೊದಲಿನ ಅರ್ಧ ಮಾತ್ರ. ಇನ್ನರ್ಧ ನನ್ನ ಬಳಿಯೇ ಇರುತ್ತದೆ. ದಿನ ತುಂಬಿದ ಮೇಲೆ ಕಳಿಸುತ್ತೇನೆ. ಕುಡಿಸಿದ ಬಳಿಕ ಬಿದ್ದ ಲದ್ದಿಯನ್ನು ಬುಟ್ಟಿಯಲ್ಲಿ ತುಂಬಿ ದೂರ ಹಾಕಿಸಿರಿ. ಅಲ್ಲೇ ಮೇಯಲು ಬಿಟ್ಟರೆ ಹುಲ್ಲಿನ ಜೊತೆ ತತ್ತಿಗಳು ಮತ್ತೆ ಹೊಟ್ಟೆ ಸೇರುತ್ತವೆ.

ಅವ್ವನಿಗೆ ನಮಸ್ಕಾರ, ತಮ್ಮ ನಾಗಲಿಂಗನಿಗೆ ಆಶೀರ್ವಾದ. ನಿಮ್ಮ ಆಶೀರ್ವಾದ ನನ್ನ ಮೇಲಿರಲಿ.

ನಿಮ್ಮ ಮಗಳು,
ಕಾಡವ್ವ

ತಾ.ಕ.: ಅಂದು ಬಸ್ಸಿಗೆ ಕಳಿಸಲು ಬಂದ ಅವ್ವ ಹೇಳಿದಳು: ‘ಎರಡೂ ಪುಡಿ ಮರಿಗೆ ನಿಮ್ಮಪ್ಪನೇ ಕುಡಿಸ್ಯಾನವಾ. ಹದಿನೈದ ದಿನ ಯಾಂವ ಕಾಯ್ತಾನ, ಲಗೂ ಆರಾಮ ಆಗಲಿ ಅಂದಾ.’ ಅವಸರದಲ್ಲಿ ತಪ್ಪು ಯಾರ ಕೈಯಿಂದಲೂ ಆಗುತ್ತದೆ. ಅದಕ್ಕೆ ನನಗೆ ಸಿಟ್ಟಿಲ್ಲ. ಆದರೆ ಅಪ್ಪಾ, ಬಾಳಪ್ಪ ಕಾಕಾನ ಮಾತಿಗೆ ನೀವೂ ನಕ್ಕಿರಿ.

ಸೋಮವಾರ ನಾನು ಬರುವುದಿಲ್ಲ.