ನೀನು ಅಳಿಸಿದ ಸಾಲುಗಳು

ಅಕ್ಕಾ,

ನೀನು ವಿಭಾಗದ ಮುಖ್ಯಸ್ಥೆಯಾದೆಯೆಂದು ಭಾವ ಫೋನ್ ಮಾಡಿ ಹೇಳಿದರು. "ಹಳೇದೆಲ್ಲ ಮರೆತು ಒಂದ್ಸಲ ಮನೆಗೆ ಬಂದು ಹೋಗಮ್ಮ" ಅಂದರು. ಆ ಹಳೆಯದು ಏನೆಂದು ಅವರಿಗೆ ಗೊತ್ತೇ ಇಲ್ಲ.

ಗಂಡ ಬಿಟ್ಟ ಮೇಲೆ ನಿನ್ನ ಮನೆ ಸೇರಿದವಳು ನಾನು. ನೀನು ಪಾಠ ಮಾಡುವ ಕಾಲೇಜಿನ ಪ್ರೋಗ್ರಾಮಿಂಗ್ ಕೋರ್ಸಿಗೆ ಸೀಟು ಸಿಕ್ಕಿದ್ದರೆ ನನ್ನ ಕಾಲ ಮೇಲೆ ನಿಲ್ಲುತ್ತಿದ್ದೆ. ಅಕ್ಕತಂಗಿಯರೆಂದು ಅಲ್ಲಿ ಯಾರಿಗೂ ಹೇಳಬೇಡ ಎಂದವಳು ನೀನೇ. ಪ್ರವೇಶಕ್ಕೆ ಕೊಟ್ಟ ಅಭ್ಯಾಸ ಸಣ್ಣದು: ದಿನಬಳಕೆಯ ಸಂಖ್ಯೆಯನ್ನು ಸೊನ್ನೆ, ಒಂದುಗಳಲ್ಲೇ ಬರೆದು ತೋರಿಸುವ ಪ್ರೋಗ್ರಾಂ. ಎರಡರಿಂದ ಭಾಗಿಸುತ್ತ ಹೋಗಬೇಕು, ಶೇಷಗಳನ್ನು ಜೋಡಿಸಬೇಕು. ಹದಿಮೂರಕ್ಕೆ 1101 ಬರಬೇಕು. ನನ್ನದು 1011 ಎಂದೇ ಹಟ ಹಿಡಿದಿತ್ತು. ಬಟ್ಟೆ ಹಿಂಡುವಾಗ ತಟ್ಟನೆ ಹೊಳೆಯಿತು, ಶೇಷಗಳನ್ನು ಕೊನೆಯಿಂದ ಓದಬೇಕು. ಒದ್ದೆ ಕೈಯಲ್ಲೇ ಓಡಿಬಂದು ತಿದ್ದಿದೆ. ಸರಿ ಬಂತು. ಅಷ್ಟು ಖುಷಿ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ನೀನು "ಕಳಿಸಿದೀನಿ ಬಿಡು" ಅಂದೆ. ಏನು ಕಳಿಸಿದ್ದೆ ಎಂದು ಗೊತ್ತಾದದ್ದು ಸಂದರ್ಶನದಲ್ಲಿ. ನನ್ನ ಸಾಲುಗಳೆಲ್ಲ ಮಾಯ. ಅಲ್ಲಿದ್ದದ್ದು ಇಡೀ ಲೆಕ್ಕವನ್ನು ತಾನೇ ಮಾಡಿಬಿಡುವ ಸಿದ್ಧ ಆದೇಶವೊಂದನ್ನು ಕರೆಯುವ ಒಂದೇ ಸಾಲು, ನಾನು ಕಂಡೇ ಇರದಿದ್ದದ್ದು.

"ಇದು ಹೇಗೆ ಕೆಲಸ ಮಾಡುತ್ತೆ, ಹೇಳಿ" ಎಂದರು ಹಿರಿಯ ಮೇಷ್ಟ್ರು.

"ನಂಗೆ ಬೇರೆ ಥರ ಗೊತ್ತು ಸಾರ್. ಬೋರ್ಡ್ ಮೇಲೆ ಬರೀಲಾ?"

"ಅದು ಬೇಡ. ಇದನ್ನ ಬರೆದೋರು ಯಾರು?"

ಸಂದರ್ಶಕರಲ್ಲಿ ಒಬ್ಬಳಾಗಿ ಅದೇ ಮೇಜಿನ ತುದಿಯಲ್ಲಿ ನೀನು ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಕೂತಿದ್ದೆ. ಹೆಸರು ಹೇಳಿದರೆ ನಿನ್ನ ಕೆಲಸಕ್ಕೆ ಕುತ್ತು. ನಾನು ಹೇಳಲಿಲ್ಲ. ನಕಲು ಎಂದು ಷರಾ ಬರೆದು ನನ್ನನ್ನು ಹೊರಗೆ ಕಳಿಸಿದರು. ನೀನು ತಲೆ ಎತ್ತಲಿಲ್ಲ.

ಮನೆಗೆ ಬಂದು ಚಪ್ಪಲಿ ಬಿಡುತ್ತ ನೀನು ಆಡಿದ ಮೊದಲ ಮಾತು: "ಸದ್ಯ, ನನ್ನ ಹೆಸರು ಹೇಳ್ಲಿಲ್ವಲ್ಲ. ಜೀವ ಬಾಯಿಗೆ ಬಂದಿತ್ತು ಕಣೆ." ಮುಂದಿನ ಮಾತಿಗೆ ಕಾದೆ. "ನಿನ್ನ ಒಳ್ಳೇದಕ್ಕೇ ಅಲ್ವಾ ಮಾಡಿದ್ದು? ನೀನು ಬರೆದಿದ್ದನ್ನ ನೋಡಿದ್ರೆ ನಗ್ತಿದ್ರು."

ನಗಲಿ ಬಿಡೇ. ನಕ್ಕು ಸೀಟು ಕೊಡುತ್ತಿದ್ದರೇನೋ.

ಈಗ ಔಷಧಿ ಗೋದಾಮಿನಲ್ಲಿ ಡಬ್ಬಗಳಿಗೆ ಚೀಟಿ ಅಂಟಿಸುತ್ತೇನೆ. ಹೊಟ್ಟೆಗೆ ತೊಂದರೆಯಿಲ್ಲ. ನಿನ್ನ ಮನೆಗೆ ಬರುವುದಿಲ್ಲ. ಯಾಕೆಂದು ಭಾವ ಕೇಳುತ್ತಾರೆ. ನೀನೇ ಹೇಳು, ನಿನ್ನ ಬಾಯಿಂದಲೇ.

ನಿನ್ನ ಕೈಕೆಳಗೆ ಕಲಿಯುವವರಿಗೆ ತಪ್ಪು ಮಾಡಿ ತಾವೇ ತಿದ್ದಿಕೊಳ್ಳುವಷ್ಟು ಹೊತ್ತು ಸಿಗಲಿ. ನನ್ನ ಹಾರೈಕೆ ಇಷ್ಟೇ, ಅದೂ ಅವರಿಗೆ.

ಇಂತಿ,
ನಿನ್ನ ಹೆಸರು ಹೇಳದ ತಂಗಿ