ಬಾಣಂತಿಯ ನೀರು

ಅವ್ವಾ,

ಇದ್ದಾಗಲೂ ನಿನಗೆ ಓದು ಬರುತ್ತಿರಲಿಲ್ಲ. ಈಗ ನೀನೇ ಇಲ್ಲ. ಆದರೂ ಹೇಳಬೇಕು.

ಇವತ್ತು ನಮ್ಮ ವಾರ್ಡಿನಲ್ಲಿ ಹರವೆ ಊರಿನ ಬಾಣಂತಿಯೊಬ್ಬಳು ನೀರು ಕೇಳಿದಳು. ಅವಳವ್ವ ನನ್ನ ಕೈ ಹಿಡಿದು, “ಬ್ಯಾಡಿ ನರ್ಸಮ್ಮ, ಮಗೀಗೆ ಸೀತ ಆಯ್ತದೆ” ಎಂದಳು. ಥೇಟ್ ನಿನ್ನದೇ ಮಾತು. ಪುರಾವೆ ಹುಡುಕೋಣವೆಂದು ‘ಬಾಣಂತಿ’ ಅಂತ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದರೆ, ಮೊಬೈಲು ಅದನ್ನು ‘ಬನಾನ’ ಎಂದು ತಿದ್ದಿ, ಬಾಳೆಹಣ್ಣಿನ ಸಂಶೋಧನೆಗಳನ್ನು ತಂದು ಸುರಿಯಿತು!

“ನಮ್ ಮಾತು ಅದ್ಕೇನ್ ಗೊತ್ತು? ಅದರ ಪದ ಹಾಕು ಕಣಮ್ಮಿ” ಎಂದು ಹಿರಿಯ ನರ್ಸ್ ಸುಧಾಮಣಿಯಕ್ಕ ನಕ್ಕರು. ಇಂಗ್ಲಿಷ್ ಪದವನ್ನೇ ಹಾಕಿದೆ. ಸಿಕ್ಕ ಲೇಖನಗಳೆಲ್ಲ ನೀರು ಕೊಡಿ ಎಂದವು. ಕೊಟ್ಟೆ.

ನನ್ನ ಬಾಣಂತನದಲ್ಲಿ ನೀನು ಕೊಡಲಿಲ್ಲ. ಸಿಟ್ಟಾಗಬೇಕೋ ಏನೋ, ತಿಳಿಯುತ್ತಿಲ್ಲ. ನನ್ನೆದುರು ನೀನೂ ಕುಡಿಯುತ್ತಿರಲಿಲ್ಲ. ನೀನು ಹಿತ್ತಿಲಿಗೆ ಹೋಗಿ ಕುಡಿದು, ಬಾಯಿ ಒರೆಸಿಕೊಂಡು ಬರುತ್ತಿದ್ದೆ. ಅದನ್ನು ಯಾವ ಪದ ಹಾಕಿ ಹುಡುಕಲಿ, ಅವ್ವಾ?