ಹೆಬ್ಬೆಟ್ಟಿನ ರೂಪಾಯಿಯ ಜೋಡಿ

ಹುಮನಾಬಾದ
೮ ಡಿಸೆಂಬರ್ ೨೦೨೪, ಭಾನುವಾರ

ಮೈ ಡಿಯರ್ ಗುರುನಾಥ,

ಶರಣು ಶರಣಾರ್ಥಿ. ಐ ಆಮ್ ಕ್ವೈಟ್ ವೆಲ್ ಅಂಡ್ ಹೋಪ್ ದಿ ಸೇಮ್ ಫ್ರಮ್ ಯು. ಗುಲಬರ್ಗಾ ಕಾಲೇಜಿನಲ್ಲಿ ಇಂಗ್ಲಿಷ್ ಸರ್ ನಮ್ಮಿಬ್ಬರಿಗೂ ಬಾಯಿಪಾಠ ಮಾಡಿಸಿದ ವಾಕ್ಯ ಇದು. ಇದರ ಮುಂದೆ ಇನ್ನೊಂದು ವಾಕ್ಯವಿತ್ತು, ಗ್ರೇಟ್ ಪ್ಲೆಜರ್ ಅಂತ ಏನೋ ಬರುತ್ತಿತ್ತು. ಪೂರ್ತಿ ನೆನಪಿಲ್ಲ, ಈಗ ಅದು ಬೇಕಾಗಿಯೂ ಇಲ್ಲ.

ನಿನ್ನ ಪತ್ರ ದೀಪಾವಳಿಗೆ ಮೊದಲೇ ಬಂತು. ತಡವಾಯಿತು, ಸಿಟ್ಟಾಗಬೇಡ. ಟೇಬಲ್ಲಿನ ಮೇಲೆ ಚಹಾದ ಕಪ್ಪಿನ ಕೆಳಗೇ ಇತ್ತು, ದಿನಾ ಕಾಣುತ್ತಿತ್ತು. ಬರೆಯಬಾರದು ಅಂತೇನೂ ಇರಲಿಲ್ಲ. ಪೆನ್ನು ಹಿಡಿದರೆ ಕೈ ತನ್ನಷ್ಟಕ್ಕೆ ತಾನು ಸುಮ್ಮನೆ ಕೂತುಬಿಡುತ್ತಿತ್ತು. ಫೋನು ಮಾಡಬಹುದಿತ್ತಲ್ಲ ಅನ್ನಬೇಡ. ನಿನ್ನ ಕಿವಿಯ ಸಂಗತಿ ನಿನಗೇ ಗೊತ್ತು. ಆವತ್ತು ಫೋನಿನಲ್ಲಿ ನಾನು ರುಕ್ಮಿಣಿ ಹೋದಳು ಅಂದರೆ ನೀನು, "ಎಲ್ಲಿಗಿ? ಬೀದರಕ್ಕೇನು?" ಅಂದೆ. ನಾನು ಹೂಂ ಅಂದುಬಿಟ್ಟೆ. ಆಮೇಲೆ ನಿನ್ನ ಸೊಸೆಗೆ ಇಲ್ಲಿಂದ ನನ್ನ ಸೊಸೆ ಮನೀಷಾ ಬಿಡಿಸಿ ಹೇಳಬೇಕಾಯಿತು. ನಿನ್ನ ಕಣ್ಣಿನ ಆಪರೇಶನ್ ಆಗ ತಾನೇ ಆಗಿತ್ತು, ಮಣ್ಣಿಗೆ ಬರಲಾಗಲಿಲ್ಲ. ಅದಕ್ಕೆ ಪತ್ರದಲ್ಲಿ ಅಷ್ಟುದ್ದ ಬೇಜಾರು ಮಾಡಿಕೊಂಡಿದ್ದೀ. ಬಂದಿದ್ದರೂ ಏನು ನೋಡುತ್ತಿದ್ದೆ ಮಾರಾಯ. ನಾನು ಅಲ್ಲೇ ಇದ್ದೆ, ನಾನೂ ಏನೂ ನೋಡಲಿಲ್ಲ.

ಮನೆಯ ಸುದ್ದಿ ಎಂದರೆ, ಬಸವಕುಮಾರನಿಗೆ ಹಳ್ಳಿಖೇಡದ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ನುರಿಯುವ ದಿನಗಳು. ಮಗ ಮನೆಗೆ ಬಂದರೆ ಅಂಗಿಯಿಂದ ಕಾಕಂಬಿಯ ವಾಸನೆ ಮೊದಲು ಒಳಗೆ ಬರುತ್ತದೆ. ಸೊಸೆ ಮನೀಷಾ ಹೊತ್ತಿಗೆ ಸರಿಯಾಗಿ ರೊಟ್ಟಿ ಮಾಡಿ ಹಾಕುತ್ತಾಳೆ. ಊಟ ಆಗುತ್ತದೆ, ನಿದ್ದೆಯೂ ಆಗುತ್ತದೆ. ಜನ ಕೇಳಿದರೆ ಆರಾಮ ಅದೀನಿ ಅನ್ನುತ್ತೇನೆ, ಅದು ಸುಳ್ಳೂ ಅಲ್ಲ. ಹಲ್ಲು ಕೀಳುವ ಮೊದಲು ಡಾಕ್ಟರು ಸೂಜಿ ಹಾಕಿದಾಗ ದವಡೆ ನಮ್ಮದೋ ಬೇರೆಯವರದೋ ತಿಳಿಯುವುದಿಲ್ಲ ನೋಡು, ಹಾಗೆ.

ಇನ್ನು ನೀನು ಕೇಳಿದ ವಿಷಯ. ಸಂಕ್ರಾಂತಿ ಆದ ಮೇಲೆ ಬಸವಕಲ್ಯಾಣದ ವಾಚನಾಲಯದಲ್ಲಿ ಶಾಲೆಯ ಹುಡುಗರಿಗೆ ತೋರಿಸಲು ನಮ್ಮ ಜೋಡಿಗಳ ಟ್ರಂಕ್ ತೆಗೆದುಕೊಂಡು ಬಾ ಅಂದಿದ್ದೀ. ಹೆಬ್ಬೆಟ್ಟಿನ ಜೋಡಿ ಎಲ್ಲಕ್ಕಿಂತ ಮುಂದೆ ಇಡೋಣ, ಅಷ್ಟು ಚಂದದ್ದು ಇನ್ನೊಂದಿಲ್ಲ ಅಂದಿದ್ದೀ. ಒಂಟಿ ಮಾತ್ರ ತರಬೇಡ ಎಂದು ನಿನ್ನ ಹಳೆಯ ಕಾಯಿದೆಯನ್ನೂ ಬರೆದಿದ್ದೀ. ಆ ಕಾಯಿದೆ ಮಾಡಿದವರು ನಾವಿಬ್ಬರೇ, ಹಾಸ್ಟೆಲಿನಲ್ಲಿ. ನಾಣ್ಯ ಎಲ್ಲರೂ ಕೂಡಿಸುತ್ತಾರೆ. ನಾವು ಒಂದು ನಾಣ್ಯಕ್ಕೆ ಒಂದು ಟೋಕನ್ ಹುಡುಕಿ, ಎರಡಕ್ಕೂ ಏನಾದರೂ ಸಂಬಂಧ ಹಚ್ಚಿ, ಒಂದೇ ಕಡ್ಡಿಪೆಟ್ಟಿಗೆಯಲ್ಲಿ ಕೂಡಿಸಿ ಇಡಬೇಕು. ನಾಣ್ಯ ತಾನಾಗಿ ಚಿಲ್ಲರೆಯಲ್ಲಿ ಕೈಗೆ ಬರಬೇಕು, ಕೊಂಡುಕೊಳ್ಳಬಾರದು.

ಟೋಕನ್ನಿನ ಕಾಯಿದೆ ಮಾತ್ರ ರುಕ್ಮಿಣಿಯದು. ಮದುವೆಯಾದ ಹೊಸದರಲ್ಲಿ ನಾನು ಒಂದು ಖಾನಾವಳಿಯ ಊಟದ ಟೋಕನ್ ಜೇಬಿಗೆ ಇಳಿಸಿಕೊಂಡು ಬಂದಿದ್ದೆ. ಅವಳು ಅದನ್ನು ನನ್ನ ಕೈಯಿಂದಲೇ ವಾಪಸು ಕೊಡಿಸಿದಳು. "ಟೋಕನ್ ಕೇಳಿ ತರಬೇಕ್ರಿ. ಕೊಡೂದು ಬಿಟ್ಟು ಇಟ್ಗೊಂಡ್ರ ಅದು ಜೋಡಿ ಆಗೂದಿಲ್ಲ, ಬ್ಯಾರೆಯವರ ಸಾಮಾನು ಆಗ್ತದ," ಅಂದಳು. ಆಮೇಲೆ ನನಗಿಂತ ಅವಳೇ ಹೆಚ್ಚು ಕೇಳಿ ತಂದಳು. ಇಪ್ಪತ್ತೈದು ಪೈಸೆಯ ಗೇಂಡಾಮೃಗಕ್ಕೆ ಕಬ್ಬಿನ ಗಾಡಿ ತೂಗುವ ಕಾಂಟಾದ ಹಿತ್ತಾಳೆ ಬಿಲ್ಲೆ ಹಚ್ಚಿದವಳು ಅವಳು. "ಎರಡಕ್ಕೂ ಮೈ ಭಾರ," ಅಂದಳು. ಎರಡು ಬೆರಳು ಎತ್ತಿದ ಎರಡು ರೂಪಾಯಿ ಇದೆಯಲ್ಲ, ಅದಕ್ಕೆ ಬಸ್‌ಸ್ಟ್ಯಾಂಡಿನ ಪಾಯಖಾನೆಯ ಟೋಕನ್ ಕೂಡಿಸಿ, "ಸಾಲ್ಯಾಗ ಮಾಸ್ತರರಿಗಿ ಹ್ಯಾಂಗ ಕೇಳ್ತಿದ್ರಿ, ಎರಡು ಬೆರಳು ಎತ್ತಿಯೇ ಅಲ್ಲೇನ್ರಿ?" ಎಂದು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಹೆಬ್ಬೆಟ್ಟು ಎತ್ತಿದ ಒಂದು ರೂಪಾಯಿಗೆ ಬ್ಯಾಂಕಿನ ಹಳೆಯ ಟೋಕನ್ ಹುಡುಕಿದವಳೂ ಅವಳೇ. ಅವಳ ತಾಯಿ ಸಹಿ ಬರದೆ ಹೆಬ್ಬೆಟ್ಟು ಒತ್ತಿ, ಆ ಟೋಕನ್ ಹಿಡಿದು ಪಿಂಚಣಿಗೆ ಕಾಯುತ್ತ ಕೂರುತ್ತಿದ್ದರು. ಕ್ಯಾಶಿಯರನಿಗೆ ಕಥೆ ಹೇಳಿ ಕೇಳಿ ತಂದದ್ದು. ಅದೇ ನಿನ್ನ ಫಸ್ಟ್ ಪ್ರೈಸ್ ಜೋಡಿ.

ರುಕ್ಮಿಣಿಯ ಮಣ್ಣಿನ ದಿನದ್ದು ಬರೆಯುತ್ತೇನೆ. ಅವಳನ್ನು ಪಡಸಾಲೆಯಲ್ಲಿ ಕೂರಿಸಿದ್ದರು. ಹಣೆಗೆ ವಿಭೂತಿ ಹಚ್ಚಿ ಆಗಿತ್ತು, ಅದರ ಮೇಲೆ ರೂಪಾಯಿ ಹಚ್ಚುವುದಷ್ಟೇ ಉಳಿದಿತ್ತು. ರಾಜೇಶ್ವರದಿಂದ ಅವಳ ಅಕ್ಕ ಸಖುಬಾಯಿ ಬಂದಿದ್ದರು. ಅವರು ಕೈ ಚಾಚಿ, "ಹಣಿಗಿ ರೂಪಾಯಿ ಎಲ್ಲದ? ಜಲ್ದಿ ಕೊಡ್ರಿ," ಅಂದರು. ಗಂಡಸರೆಲ್ಲ ಜೇಬು ತಡವಿಕೊಂಡರು. ಒಬ್ಬರಲ್ಲೂ ಇಲ್ಲ. ಮೂಲೆಯ ಕಿರಾಣಿ ಅಂಗಡಿಯ ಓಂಪ್ರಕಾಶ, "ಈಗ ಎಲ್ಲಾರೂ ಫೋನಿನ್ಯಾಗ ಕೊಡ್ತಾರ್ರಿ ಬಾಯಿ, ಗಲ್ಲಾದಾಗ ಚಿಲ್ಲರೇ ಇಲ್ಲ," ಅಂದ.

"ಹಂಗಾರ ಫೋನೇ ಹಚ್ಚಲೇನು ಹಣಿಗಿ?" ಅಂದರು ಸಖುಬಾಯಿ. ಆಮೇಲೆ ನನ್ನ ಕಡೆ ತಿರುಗಿ, "ಏನ್ರಿ ಮಹಾರುದ್ರಪ್ಪ, ಟ್ರಂಕ್ ತುಂಬ ಕೂಡಿಸಿ ಇಟ್ಟೀರಿ. ನನ್ನ ತಂಗಿಗಿ ಒಂದು ರೂಪಾಯಿ ಇಲ್ಲೇನು?" ಅಂದರು.

ಹೋಗಿ ಟ್ರಂಕ್ ತೆಗೆದೆ. ಮೇಲಿದ್ದ ಪೆಟ್ಟಿಗೆಗೆ ಕೈ ಹೋಯಿತು. ರೂಪಾಯಿ ತಂದು ಕೊಟ್ಟೆ. ಸಖುಬಾಯಿ ಅದನ್ನು ಒದ್ದೆ ವಿಭೂತಿಯ ಮೇಲೆ ಇಟ್ಟು ತಮ್ಮ ಹೆಬ್ಬೆಟ್ಟಿನಿಂದ ಒತ್ತಿ ಹಿಡಿದರು. ಕೈ ತೆಗೆದ ಮೇಲೆ ನೋಡಿದೆ, ರೂಪಾಯಿಯ ಮೇಲಿನ ಹೆಬ್ಬೆಟ್ಟು ನೆಟ್ಟಗೆ ಮೇಲಕ್ಕೆ ನಿಂತಿತ್ತು. ವೆರಿ ಗುಡ್ ಅನ್ನುವವರು ತೋರಿಸುತ್ತಾರಲ್ಲ, ಹಾಗೆ. ಯಾವ ಪೆಟ್ಟಿಗೆಯದು ಎಂದು ಆಗ ತಿಳಿಯಿತು. ತಿಳಿದರೂ ಏನೂ ಅನ್ನಿಸಲಿಲ್ಲ. ಮಣ್ಣು ಮಾಡುವಾಗ ಹೂ ತೆಗೆದರು, ರೂಪಾಯಿ ಹಾಗೇ ಬಿಟ್ಟರು.

ನಿನ್ನ ಪತ್ರ ನಾನು ಓದಿ ಹೇಳಿದ್ದೇ ತಡ, ಮನೀಷಾ ಟ್ರಂಕ್ ತೆಗೆದು ಒರೆಸಲು ಕೂತಳು. ಅರ್ಧ ಖಾಲಿ ಪೆಟ್ಟಿಗೆ ಅವಳ ಕಣ್ಣಿಗೆ ಬಿತ್ತು. ಎರಡು ದಿನ ಬಿಟ್ಟು ಓಂಪ್ರಕಾಶನ ಅಂಗಡಿಯಿಂದ ಒಂದು ರೂಪಾಯಿ ತಂದು ನನ್ನ ಮುಂದೆ ಹಿಡಿದಳು. "ನೋಡ್ರಿ ಮಾವಾರ, ಅದೇ ಹೆಬ್ಬೆಟ್ಟು. ಕೊಂಡಿಲ್ರಿ, ಸಕ್ಕರಿ ತಂದಾಗ ಚಿಲ್ಲರದಾಗ ಬಂತು. ನಿಮ್ಮ ಕಾಯಿದಿಗಿ ಸರಿ ಅದಲ್ರಿ?"

ಸರಿಯೇ ಇತ್ತು. ಪೆಟ್ಟಿಗೆಯಲ್ಲಿ ಇಟ್ಟೆ, ಕೂತಿತು. ಮುಚ್ಚಿ ತೆಗೆದು ನೋಡಿದೆ. ನಿನಗೂ ಗೊತ್ತಾಗುತ್ತಿರಲಿಲ್ಲ ಗುರುನಾಥ, ಬ್ರಹ್ಮನಿಗೂ ಗೊತ್ತಾಗುತ್ತಿರಲಿಲ್ಲ. ಮರುದಿನ ಅದನ್ನು ತೆಗೆದು ಚಹಾದ ಅಂಗಡಿಯಲ್ಲಿ ಕೊಟ್ಟು ಬಂದೆ. ಮನೀಷಾ ಪೆಟ್ಟಿಗೆ ನೋಡಿ, ಮುಚ್ಚಿ, ಮತ್ತೆ ಟ್ರಂಕಿನಲ್ಲಿ ಇಟ್ಟು ಒಳಗೆ ಹೋದಳು.

ಅವಳು ಒಳ್ಳೆಯ ಹುಡುಗಿ. ಅಂಗಿ ಒಗೆಯಲು ಹಾಕುವಾಗ ಜೇಬಿನಲ್ಲಿ ಒಂದು ಅಲ್ಯೂಮಿನಿಯಂ ಟೋಕನ್ ಸಿಗುತ್ತದೆ, ಅದನ್ನು ತೆಗೆದು ಗೋಡೆಯ ಮಾಡದಲ್ಲಿ ಇಡುತ್ತಾಳೆ. ನಾನು ಮತ್ತೆ ಒಗೆದ ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತೇನೆ. ಮೊನ್ನೆ, "ಇದಕ್ಕ ನಾಣ್ಯ ಸಿಕ್ಕಿಲ್ಲೇನ್ರಿ ಮಾವಾರ?" ಅಂದಳು. "ಹುಡುಕಾಕತ್ತೇನಿ ಅವ್ವಾ," ಅಂದೆ.

ಇರಲಿ. ಟ್ರಂಕನ್ನು ಬಸವಕುಮಾರನ ಕೈಯಲ್ಲಿ ಕಳಿಸುತ್ತೇನೆ. ನಾನು ಬರುವುದಿಲ್ಲ, ಬಲವಂತ ಮಾಡಬೇಡ. ಹೆಬ್ಬೆಟ್ಟಿನ ಪೆಟ್ಟಿಗೆ ಅದರಲ್ಲಿ ಇರುವುದಿಲ್ಲ. ಅದರ ಜಾಗದಲ್ಲಿ ಪಾಯಖಾನೆಯ ಜೋಡಿ ಮುಂದಿಡು. ಹುಡುಗರು ನಗಲಿ. ವಾಚನಾಲಯದ ಹಿರಿಯರು ಮುಖ ಸಿಂಡರಿಸಿದರೆ, ಇದು ಹುಮನಾಬಾದದ ರುಕ್ಮಿಣಿಬಾಯಿ ಕೂಡಿಸಿದ್ದು ಎಂದು ಹೇಳು.

ಕಣ್ಣಿಗೆ ಬಿಸಿಲು ತಾಗಿಸಿಕೊಳ್ಳಬೇಡ, ಕರಿ ಕನ್ನಡಕ ಹಾಕಿಕೊ. ನಿನ್ನ ಸೊಸೆಗೆ, ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ. ಬಸವಣ್ಣ ನಿಮ್ಮ ಮನೆಯನ್ನು ತಣ್ಣಗೆ ಇಟ್ಟಿರಲಿ.

ಯುವರ್ಸ್ ಎವರ್,
ಮಹಾರುದ್ರಪ್ಪ

ಪಿ.ಎಸ್. ಲಕೋಟೆ ಅಂಟಿಸುವ ಮುಂಚೆ ಇನ್ನೊಂದು ಮಾತು. ಜೇಬಿನ ಟೋಕನ್ ಗುಡಿಯ ಮುಂದೆ ಚಪ್ಪಲಿ ಇಡುವಲ್ಲಿ ಕೊಟ್ಟದ್ದು. ಆವತ್ತು ರುಕ್ಮಿಣಿ ಚಪ್ಪಲಿ ಬಿಟ್ಟು, ಯಾವಾಗಲೂ ಕೊಡುವ ಹಾಗೆ ಟೋಕನ್ ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಕಂಬಕ್ಕೆ ಒರಗಿ ಕೂತವಳು ಏಳಲಿಲ್ಲ. ಆಟೋದಲ್ಲಿ ಬರಿಗಾಲಲ್ಲೇ ಆಸ್ಪತ್ರೆಗೆ ಒಯ್ದೆವು. ಆಮೇಲೆ ಒಂದು ದಿನ ಆ ದಾರಿಯಲ್ಲಿ ಹೋಗುವಾಗ ಚಪ್ಪಲಿ ಕಾಯುವ ಮಡೆಪ್ಪ ಕರೆದು ಹೇಳಿದ: "ಅಮ್ಮಾರ ಚಪ್ಪಲಿ ಹಂಗೇ ಅದಾವ್ರಿ, ಮೂಲ್ಯಾಗ ಸರಿಸಿ ಇಟ್ಟೀನಿ. ದೂಳ ಕುಂತ್ರ ವರಸ್ತೀನ್ರಿ. ಟೋಕನ್ ತಂದಾಗ ಕೊಡ್ತೀನಿ, ಅವಸರ ಇಲ್ಲ." ಇಟ್ಟುಕೊಂಡ ಟೋಕನ್ ಬೇರೆಯವರ ಸಾಮಾನು ಅನ್ನುತ್ತಿದ್ದಳು, ಗೊತ್ತಿದೆ. ಕೊಟ್ಟರೆ ಮಡೆಪ್ಪ ಚಪ್ಪಲಿ ತಂದು ಮುಂದಿಡುತ್ತಾನೆ. ಇಟ್ಟುಕೊಂಡಷ್ಟು ದಿನ ಅವಳು ಇನ್ನೂ ಗುಡಿಯ ಒಳಗೇ ಇದ್ದಾಳೆ.

ಮನೀಷಾಗೆ ಹುಡುಕಾಕತ್ತೇನಿ ಅಂದದ್ದು ಸುಳ್ಳು. ಇದಕ್ಕೆ ನಾಣ್ಯ ಮಣ್ಣಿನ ದಿನವೇ ಸಿಕ್ಕಿದೆ, ರುಕ್ಮಿಣಿಯ ಹಣೆಯ ಮೇಲಿದೆ. ನಿನ್ನ ಕಾಯಿದೆಯ ಪ್ರಕಾರ ಒಂಟಿಯಲ್ಲ. ತೋರಿಸಲು ತರಲಿಕ್ಕೆ ಬರುವುದಿಲ್ಲ, ಅಷ್ಟೇ.